ನನ್ನ ಲೆಫ್ಟ್ ಬ್ಯಾಕಿನ ತ್ರಾಸ

ಬೆಳಗಾವಿಯ ಮಳೆಗಾಲದಲ್ಲಿ ಒಗೆದ ಅರಿವೆ ಒಣಗುವುದಿಲ್ಲ, ಒಣಗಿದ ಮನುಷ್ಯ ಹೊರಗೆ ಬೀಳುವುದಿಲ್ಲ. ಅಂಥದೊಂದು ಜುಲೈನಲ್ಲಿ, ಟಿಳಕವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ಮಗ ಬಿಟ್ಟುಹೋದ ಹಳೇ ಲ್ಯಾಪ್‌ಟಾಪಿನಲ್ಲಿ ನಾನು ‘ಫುಟ್‌ಬಾಲ್ ಮ್ಯಾನೇಜರ್’ ಶುರು ಮಾಡಿದೆ.

ಈ ಆಟದಲ್ಲಿ ಚೆಂಡು ಒದೆಯುವ ಕೆಲಸ ನಮ್ಮದಲ್ಲ. ನಾವು ಮ್ಯಾನೇಜರ್. ಹನ್ನೊಂದು ಮಂದಿಯನ್ನು ಆರಿಸಿ, ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು ಎಂದು ಹೇಳಿ, ಆಮೇಲೆ ಮಗಳ ಮದುವೆ ಮಾಡಿಕೊಟ್ಟ ಅಪ್ಪನ ಹಾಗೆ ದೂರ ನಿಂತು ನೋಡುತ್ತಿರಬೇಕು. ಪ್ರತಿ ಆಟಗಾರನ ವೇಗ, ತಲೆಯಿಂದ ಚೆಂಡು ಹೊಡೆಯುವ ಚಳಕ, ಧೈರ್ಯ, ಸಿಟ್ಟು ಎಲ್ಲಕ್ಕೂ 20ಕ್ಕೆ ಇಷ್ಟು ಎಂದು ಅಂಕ. ಇಂಗ್ಲೆಂಡಿನಲ್ಲಿ ಆರನೇ ದರ್ಜೆಯ ಕ್ಲಬ್‌ಗಳವರೆಗೆ ಬೇಕಾದ್ದನ್ನು ತೆಗೆದುಕೊಳ್ಳಬಹುದು. ನಾನು ಆ ಆರನೇ ದರ್ಜೆಯದನ್ನೇ ತೆಗೆದುಕೊಂಡೆ. ದೊಡ್ಡ ಕ್ಲಬ್ ಗೆಲ್ಲಿಸುವುದೆಂದರೆ ಸಾಹುಕಾರರ ಮನೆಯ ಲಗ್ನದಲ್ಲಿ ಬಡಿಸಲು ನಿಂತ ಹಾಗೆ, ಊಟ ಚೆನ್ನಾಗಿತ್ತು ಅಂದರೂ ಹೆಸರು ನಮಗೆ ಬರುವುದಿಲ್ಲ.

ಮೊದಲ ಹತ್ತು ಪಂದ್ಯಗಳ ಲೆಕ್ಕ ಹೀಗಿತ್ತು: ಹೊಡೆದ ಗೋಲು 21, ತಿಂದ ಗೋಲು 24. ತಪ್ಪು ನನ್ನದೇ. 1989 ಮತ್ತು 1990ರಲ್ಲಿ ಸತತ ಎರಡು ಸಲ ಯುರೋಪಿಯನ್ ಕಪ್ ಗೆದ್ದ ಮಿಲಾನ್ ತಂಡದ ಕೋಚ್ ಅರಿಗೊ ಸಾಕ್ಕಿ, ತನ್ನ ಕಟ್ಟಕಡೆಯ ಡಿಫೆಂಡರ್‌ನಿಂದ ತುದಿಯ ಫಾರ್ವರ್ಡ್‌ವರೆಗೆ 25 ಮೀಟರಿಗಿಂತ ಹೆಚ್ಚು ಅಂತರ ಇರಬಾರದು ಅನ್ನುತ್ತಿದ್ದ. ಅದನ್ನು ಎಲ್ಲೋ ಓದಿದ್ದ ನಾನು ನನ್ನ ಡಿಫೆನ್ಸ್ ಗೆರೆಯನ್ನೂ ಮೈದಾನದ ನಡುವಿಗೇ ತಂದು ನಿಲ್ಲಿಸಿದ್ದೆ. ಸಾಕ್ಕಿಯ ಬಳಿ ಬರೇಸಿ, ಮಾಲ್ದಿನಿಯಂಥ ಡಿಫೆಂಡರ್‌ಗಳಿದ್ದರು. ನನ್ನ ಡಿಫೆನ್ಸಿನ ನಡುವೆ ನಿಲ್ಲುವ ಇಬ್ಬರು ಸೆಂಟರ್ ಬ್ಯಾಕ್‌ಗಳ ವೇಗ 20ಕ್ಕೆ 7 ಮತ್ತು 8. ಅವರ ತಲೆಯ ಮೇಲಿಂದ ಒಂದು ಉದ್ದ ಚೆಂಡು ಹಾರಿತೆಂದರೆ, ಇಬ್ಬರೂ ಬಸ್ ತಪ್ಪಿಸಿಕೊಂಡ ಹಿರಿಯರ ಹಾಗೆ ಹಿಂತಿರುಗಿ ನೋಡುತ್ತಾ ನಿಲ್ಲುತ್ತಿದ್ದರು.

ಅದಕ್ಕಿಂತ ದೊಡ್ಡ ತೂತು ಎಡಗಡೆಗಿತ್ತು. ಲೆಫ್ಟ್ ಬ್ಯಾಕ್ ಅಂದರೆ ಡಿಫೆನ್ಸಿನ ಎಡಗಡೆ ಕಾಯುವವನು. ನನ್ನ ಲೆಫ್ಟ್ ಬ್ಯಾಕ್ ಮಹಾರಾಯನಿಗೆ ಪಕ್ಕದಿಂದ ಗೋಲಿನ ಮುಂದಕ್ಕೆ ಚೆಂಡು ಹಾಕುವ ‘ಕ್ರಾಸ್’ನಲ್ಲಿ 15, ತನ್ನ ಜಾಗದಲ್ಲಿ ನಿಲ್ಲುವುದರಲ್ಲಿ 5. ‘ಅಟ್ಯಾಕ್’ ಎಂದು ಒಮ್ಮೆ ಹೇಳಿದ್ದೇ ತಪ್ಪಾಯಿತು. ಜಾತ್ರೆಗೆ ಹೋದ ಹುಡುಗನಂತೆ ಹೋದವನು ಹೋದನೇ. ಅವನು ಬಿಟ್ಟುಹೋದ ಜಾಗದಲ್ಲಿ ಎದುರಾಳಿಗಳು ಬಾಗಿಲು ತೆರೆದ ಮನೆಗೆ ನಾಯಿ ಹೊಕ್ಕ ಹಾಗೆ ಹೊಕ್ಕು, ಮೂಸಿ, ಗೋಲು ಹೊಡೆದು ಹೋಗುತ್ತಿದ್ದರು.

ನಮ್ಮೂರಿನದೇ ಕ್ಯಾಂಪ್ ಭಾಗದಲ್ಲಿರುವ ನನ್ನ ದೋಸ್ತನಿಗೂ ಇದೇ ಹುಚ್ಚು. ಒಂದು ರಾತ್ರಿ ಅವನಿಗೆ ಫೋನ್ ಮಾಡಿ ದುಃಖ ತೋಡಿಕೊಂಡೆ. “ಏನ್ ಹೇಳ್ಲಿ ದೋಸ್ತ, ಲೆಫ್ಟ್ ಬ್ಯಾಕ್ ಭಾಳ ತ್ರಾಸ ಕೊಡಾಕತ್ತೈತಿ. ಮ್ಯಾಲ ಹೋದ್ರ ತೆಳಗ ಬರಾಕ ಒಲ್ಲದು. ಹಿಂಗ ಆದ್ರ ಬದಲಿ ಮಾಡೂದ ಪಾಡ.”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

“ರೀ, ಬೆನ್ನ ಹಿಡದೈತಿ ಅಂತ ನಂಗ್ಯಾಕ ಹೇಳಲಿಲ್ಲ? ಬದಲಿ ಮಾಡ್ತಾರಂತ! ಆಪರೇಶನ್ ಮಟಾ ಹೋಗೈತೇನ?”

ನಾನು ಸುಳ್ಳು ಹೇಳಲಿಲ್ಲ. ಆಕೆ ತಿಳಿದುಕೊಂಡಿದ್ದನ್ನು ತಿದ್ದಲಿಲ್ಲ, ಅಷ್ಟೇ. ತಿದ್ದಬೇಕೆಂದು ಬಾಯಿ ತೆರೆದಿದ್ದೆ ಕೂಡ. ಆದರೆ ಅಷ್ಟರಲ್ಲಿ ಆಕೆ, “ನಾಳೆ ಜ್ವಾಳ ಗಿರಣಿಗೆ ಒಯ್ಯೂದ ಬ್ಯಾಡ, ಸಿಲಿಂಡರ್ ಎತ್ತೂದ ಬ್ಯಾಡ, ಸುಮ್ನ ಮಲ್ಕೊರಿ” ಅಂದಳು. ತೆರೆದ ಬಾಯಿಯನ್ನು ಒಂದು ಸಣ್ಣ ನರಳಿಕೆಯಿಂದ ಮುಚ್ಚಿಕೊಂಡೆ.

ಎರಡನೇ ದಿನಕ್ಕೆ ಗೋಕಾಕದಿಂದ ಅತ್ತೆಯವರು ಬಂದರು. ಒಂದು ಕೈಯಲ್ಲಿ ಕರದಂಟು, ಇನ್ನೊಂದು ಕೈಯಲ್ಲಿ ಲೆಕ್ಕಿ ತಪ್ಪಲ. ತಪ್ಪಲನ್ನು ಹಂಚಿನ ಮೇಲೆ ಬಿಸಿ ಮಾಡಿ, ಔಡಲೆಣ್ಣೆ ಸವರಿ, ಹಳೇ ಧೋತರದ ತುಂಡಿನಲ್ಲಿ ಗಂಟು ಕಟ್ಟಿ ನನ್ನ ಬೆನ್ನಿನ ಎಡಭಾಗಕ್ಕೆ ಒತ್ತಿದರು. ಎಂಥ ಸುಖ! ಇಷ್ಟು ಚೆನ್ನಾಗಿರುತ್ತದೆಂದು ಗೊತ್ತಿದ್ದರೆ ಬಲಗಡೆಯೂ ನೋವಿದೆ ಎನ್ನಬಹುದಿತ್ತು.

ಹೀಗೆ ಚಾಪೆಯ ಮೇಲೆ ಬೋರಲು ಬಿದ್ದು, ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು ತಂಡ ರಿಪೇರಿಗೆ ಕೂತೆ. ಮೊದಲು ಡಿಫೆನ್ಸ್ ಗೆರೆಯನ್ನು ಹಿಂದಕ್ಕೆ ಸರಿಸಿದೆ. ಉದ್ದ ಚೆಂಡಿನ ಕಾಟ ನಿಂತಿತು. ಆದರೆ ಡಿಫೆನ್ಸಿಗೂ ಮಿಡ್‌ಫೀಲ್ಡಿಗೂ ನಡುವೆ ಒಂದು ಬಯಲೇ ಹುಟ್ಟಿಕೊಂಡಿತು. ಎದುರಾಳಿಯ ಹತ್ತನೇ ನಂಬರಿನವನು ಅಲ್ಲಿ ಆರಾಮಾಗಿ ನಿಂತು, ಯಾರಿಗೆ ಕೊಡಲಿ ಎಂದು ಯೋಚಿಸಿ ಪಾಸ್ ಕೊಡುತ್ತಿದ್ದ. ಆ ಬಯಲು ಮುಚ್ಚಲು ಎಲ್ಲರನ್ನೂ ಕೆಳಗೆಳೆದರೆ ಮುಂದೆ ಗೋಲು ಹೊಡೆಯಲು ಒಬ್ಬನೂ ಇಲ್ಲ. ಗಿಡ್ಡ ಕೌದಿ ಹೊದ್ದವನ ಪಾಡು. ತಲೆಗೆ ಎಳೆದರೆ ಕಾಲು ಹೊರಗೆ, ಕಾಲಿಗೆ ಎಳೆದರೆ ತಲೆ ಹೊರಗೆ.

ಸಿಟ್ಟಿಗೆದ್ದು ಗೋಲ್‌ಕೀಪರ್‌ಗೆ, ನೀನೇ ಮುಂದೆ ಬಂದು ಗುಡಿಸು ಎಂದೆ. ಅದಕ್ಕೆ ‘ಸ್ವೀಪರ್ ಕೀಪರ್’ ಎನ್ನುತ್ತಾರೆ. ಅವನು ಎಷ್ಟು ಮುಂದೆ ಬಂದನೆಂದರೆ, ನಡುಮೈದಾನದಿಂದ ಒಬ್ಬ ಮೇಲಕ್ಕೆತ್ತಿ ಹಾಕಿದ ಚೆಂಡು ಇವನ ತಲೆ ಮೇಲಿಂದ ಹೋಗಿ ಮೂರು ಪುಟ ಹಾಕಿ ಗೋಲಿನೊಳಗೆ ಹೋಯಿತು. ಇನ್ನೊಂದು ಪಂದ್ಯದಲ್ಲಿ ನಮಗೆ ಕಾರ್ನರ್ ಸಿಕ್ಕಿತೆಂದು ಎಲ್ಲರನ್ನೂ ಮುಂದೆ ಕಳಿಸಿ, ಹಿಂದೆ ಒಬ್ಬನನ್ನು ಮಾತ್ರ ಬಿಟ್ಟಿದ್ದೆ. ನಮ್ಮ ಕಾರ್ನರ್‌ನಿಂದ ಅವರು ಗೋಲು ಹೊಡೆದರು. ಆಗ ಹೊಮ್ಮಿದ ನನ್ನ ನರಳಾಟ ಮಾತ್ರ ಅಪ್ಪಟ ನಿಜ. ಅತ್ತೆಯವರು ಓಡಿಬಂದು ತಪ್ಪಲ ಬದಲಿಸಿದರು.

ಕೊನೆಗೆ ದಾರಿ ತೋರಿಸಿದ್ದು ಒಂದು ಹಳೇ ಕಥೆ. ತನ್ನವರು ಚೆಂಡು ಕೊಡುವಾಗ ಎದುರಾಳಿಗಳನ್ನು ದಾಟಿ ಗೋಲಿನ ತೀರ ಹತ್ತಿರ ನಿಂತಿದ್ದರೆ ಅದು ಆಫ್‌ಸೈಡ್ ಎಂಬ ತಪ್ಪು. 1925ರವರೆಗೆ, ಆಫ್‌ಸೈಡ್ ಆಗಬಾರದೆಂದರೆ ಮುಂದೆ ಎದುರಾಳಿಯ ಮೂವರು ಇರಬೇಕಿತ್ತು. ಆ ವರ್ಷ ನಿಯಮ ಬದಲಿಸಿ, ಇಬ್ಬರಿದ್ದರೆ ಸಾಕು ಅಂದರು. ಗೋಲುಗಳು ಒಮ್ಮೆಲೇ ಹೆಚ್ಚಾದವು. ಆಗ ಆರ್ಸೆನಲ್‌ನ ಹರ್ಬರ್ಟ್ ಚಾಪ್‌ಮನ್ ನಡುಮೈದಾನದ ಸೆಂಟರ್ ಹಾಫ್‌ನನ್ನೇ ಹಿಂದಕ್ಕೆಳೆದು ಇಬ್ಬರು ಬ್ಯಾಕ್‌ಗಳ ನಡುವೆ ನಿಲ್ಲಿಸಿಬಿಟ್ಟ. ನಾನೂ ಹೆಚ್ಚುಕಡಿಮೆ ಅದನ್ನೇ ಮಾಡಿದೆ. ಮಿಡ್‌ಫೀಲ್ಡರ್ ಒಬ್ಬನನ್ನು ಸೆಂಟರ್ ಬ್ಯಾಕ್‌ಗಳ ಮುಂದೆ ಕಾವಲಿಗೆ ಕೂಡಿಸಿದೆ. ಎಡಗಡೆಯ ಇನ್ನೊಬ್ಬ ಮಿಡ್‌ಫೀಲ್ಡರ್‌ಗೆ ‘ಕರಿಲೇರೊ’ ಎಂಬ ಕೆಲಸ ಕೊಟ್ಟೆ. ಹೆಸರು ಕೇಳಿದರೆ ಕಾರೆಳ್ಳು ಚಟ್ನಿಯ ತಮ್ಮನಂತಿದೆ, ಕೆಲಸ ಮಾತ್ರ ಮನೆಯ ದೊಡ್ಡಮಗನದು: ಪಕ್ಕದವನು ಜಾಗ ಬಿಟ್ಟು ಹೋದಾಗ ಸರಿದು ಮುಚ್ಚುವುದು. ಲೆಫ್ಟ್ ಬ್ಯಾಕ್‌ನ ‘ಅಟ್ಯಾಕ್’ ತೆಗೆದು ‘ಸಪೋರ್ಟ್’ ಮಾಡಿದೆ. ಐದು ಪಂದ್ಯಗಳಲ್ಲಿ ತಿಂದದ್ದು ಎರಡೇ ಗೋಲು.

ಆರನೇ ಪಂದ್ಯ. 93ನೇ ನಿಮಿಷ, 1–1. ಯಾರು ಮೇಲೆ ಹೋಗಬೇಡ ಎಂದಿದ್ದೆನೋ ಅದೇ ಲೆಫ್ಟ್ ಬ್ಯಾಕ್ ನನ್ನ ಮಾತು ಗಾಳಿಗೆ ತೂರಿ, ಪೆನಾಲ್ಟಿ ಬಾಕ್ಸಿನವರೆಗೆ ಓಡಿಹೋಗಿ, ಬಲಗಾಲಿನಿಂದ ಎಂಥದೋ ಒಂದು ಹೊಡೆದ. ಗೋಲು!

ಬೋರಲು ಬಿದ್ದವನು ಹೇಗೆ ಎದ್ದೆನೋ ಗೊತ್ತಿಲ್ಲ. ಎರಡೂ ಕಾಲು ನೆಲ ಬಿಟ್ಟಿದ್ದು ಮಾತ್ರ ನೆನಪಿದೆ. ಲೆಕ್ಕಿ ತಪ್ಪಲದ ಗಂಟು ಹಾರಿಹೋಗಿ, ಅವರೆಕಾಯಿ ಸುಲಿಯುತ್ತ ಕೂತಿದ್ದ ಅತ್ತೆಯವರ ಮೊರದಲ್ಲಿ ಬಿತ್ತು.

ಅವರು ಗಂಟನ್ನು ನೋಡಿದರು, ನನ್ನನ್ನು ನೋಡಿದರು. “ಭೇಷ್ ಆತ ಬಿಡ್ರಿ ಅಳಿಯಂದ್ರ. ತಪ್ಪಲಾ ಚಲೋ ಕೆಲಸಾ ಮಾಡ್ತು.”

ಹೆಂಡತಿ ಮಾತಾಡಲಿಲ್ಲ. ಬಗ್ಗಿ ಪರದೆಯ ಮೇಲಿನ ಇಂಗ್ಲಿಷ್ ಸಾಲನ್ನು ಅಕ್ಷರ ಅಕ್ಷರ ಓದಿದಳು. “ಲೆಫ್ಟ್… ಬ್ಯಾಕ್… ಅಂದ್ರ ಇಂವನೇನ್ರಿ?”

ಮರುದಿನ ಬೆಳಿಗ್ಗೆ ಇಪ್ಪತ್ತು ಕಿಲೋ ಜೋಳದ ಚೀಲ ಬಾಗಿಲಲ್ಲಿ ನಿಂತಿತ್ತು. ಸ್ಕೂಟರಿನ ಮುಂದೆ ಇಟ್ಟರೆ ಕಾಲಿಡಲು ಜಾಗವಿಲ್ಲವೆಂದು ಹಿಂದಿನ ಸೀಟಿಗೆ ಹಗ್ಗ ಬಿಗಿದು ಕಟ್ಟಿಕೊಂಡು ಹೊರಟೆ. ಎರಡನೇ ರೈಲ್ವೆ ಗೇಟು ಹಾಕಿತ್ತು, ಕಾಲು ತಾಸು ಕಾದೆ. ಮುಂದೆ ಲೇಲೆ ಮೈದಾನದ ಹತ್ತಿರ ಬಂದಾಗ ಮಳೆ ಬಿಟ್ಟು, ಹುಡುಗರು ರಾಡಿಯಲ್ಲೇ ಫುಟ್‌ಬಾಲ್ ಆಡುತ್ತಿದ್ದರು. ನನ್ನ ಕಣ್ಣು ತಾನಾಗೇ ಎಡಗಡೆಗೆ ಹೋಯಿತು. ಅಲ್ಲಿ ಬ್ಯಾಕ್ ಆಡುವವನು ಆಗಲೇ ಆ ತುದಿ ಮುಟ್ಟಿದ್ದ. ಇತ್ತ ಅವನ ಜಾಗವೆಲ್ಲ ಖಾಲಿ.

ತಡೆಯಲಾಗಲಿಲ್ಲ. ಸ್ಕೂಟರ್ ನಿಲ್ಲಿಸಿ ಕೂಗಿದೆ. “ಏ ತಮ್ಮಾ, ಹಿಂದ ಬಾರೋ! ಹಿಂದ ಎಲ್ಲಾ ತೆರದೈತಿ!”

ರಾಡಿ ಮೆತ್ತಿದ ಮುಖದ ಹುಡುಗ ನಿಂತು ನನ್ನ ಕಡೆ ನೋಡಿದ.

“ಕಾಕಾ, ಮೊದ್ಲ ನಿಮ್ಮ ಹಿಂದ ನೋಡ್ಕೊರಿ.”

ತಿರುಗಿ ನೋಡಿದೆ. ಚೀಲದ ಎಡಮೂಲೆಯ ಹೊಲಿಗೆ ಬಿಚ್ಚಿತ್ತು. ಗೇಟಿನ ಕಡೆಯಿಂದ ನನ್ನ ಗಾಲಿಯವರೆಗೂ ಒದ್ದೆ ರಸ್ತೆಯ ಮೇಲೆ ಜೋಳದ ಬಿಳಿ ಗೆರೆ, ಅದರ ಗುಂಟ ಹೆಕ್ಕುತ್ತ ಬರುತ್ತಿದ್ದ ಏಳೆಂಟು ಪಾರಿವಾಳ.