ರಾಜನಾಗದವನ ತಲೆಗೊಂದು ಕಿರೀಟ

ಚಾರ್ಲ್ಸ್ ಮಾರ್ಟೆಲ್ ಯಾವತ್ತೂ ರಾಜನಾಗಿರಲಿಲ್ಲ. ಇಂದಿನ ಫ್ರಾನ್ಸಿನ ಜಾಗದಲ್ಲಿದ್ದ ಫ್ರಾಂಕರ ರಾಜ್ಯವನ್ನು ಆಳಿದ್ದು ಅವನೇ, ಯುದ್ಧ ಗೆದ್ದಿದ್ದೂ ಅವನೇ, ಆದರೆ ಪಟ್ಟಕ್ಕೆ ಏರಲಿಲ್ಲ. 741ರಲ್ಲಿ ತೀರಿಕೊಂಡ. ಪ್ಯಾರಿಸ್ಸಿನ ಉತ್ತರಕ್ಕಿರುವ ಸೇಂಟ್ ಡೆನಿ ಚರ್ಚಿಗೆ ಹೋಗಿ ನೋಡಿ, ಅಲ್ಲಿ ಮಲಗಿರುವ ಅವನ ಕಲ್ಲಿನ ಮೂರ್ತಿಯ ತಲೆ ಮೇಲೆ ಕಿರೀಟವಿದೆ! ಸತ್ತು ಐನೂರು ವರ್ಷ ದಾಟಿದ ಮೇಲೆ ಯಾರೋ ಅವನಿಗೆ ಬಡ್ತಿ ಕೊಟ್ಟಿದ್ದಾರೆ.

ಈ ಚರ್ಚನ್ನು ಎಲ್ಲರೂ 'ಫ್ರಾನ್ಸ್ ಅರಸರ ಸ್ಮಶಾನ' ಅನ್ನುತ್ತಾರೆ. ತಪ್ಪೇನಲ್ಲ. 42 ರಾಜರು, 32 ರಾಣಿಯರನ್ನು ಇಲ್ಲಿ ಹೂತಿದ್ದರು ಎಂಬ ಲೆಕ್ಕವಿದೆ, ಎಪ್ಪತ್ತಕ್ಕೂ ಹೆಚ್ಚು ಗೋರಿಶಿಲ್ಪಗಳು ಈಗಲೂ ಇವೆ. ಆದರೆ ನನಗೆ ಅದು ಸ್ಮಶಾನಕ್ಕಿಂತ ಹೆಚ್ಚಾಗಿ ಆಸ್ತಿ ವ್ಯಾಜ್ಯದಲ್ಲಿ ಹಾಜರುಪಡಿಸಿದ ವಂಶವೃಕ್ಷದ ಹಾಗೆ ಕಾಣುತ್ತದೆ. ಬೇಕಾದ ಹೆಸರು ಸೇರಿಸಿ, ಬೇರೆ ಬೇರೆ ಮನೆತನಗಳನ್ನು ಒಂದೇ ಬಳ್ಳಿಗೆ ಕಟ್ಟಿ, ಮೇಲೊಂದು ಮೊಹರು ಒತ್ತಿದ ವಂಶವೃಕ್ಷ.

ಇದನ್ನು ಮಾಡಿಸಿದವನು ಒಂಬತ್ತನೇ ಲೂಯಿ, ಮುಂದೆ ಸಂತಪದವಿ ಪಡೆದ ಸೇಂಟ್ ಲೂಯಿ. ಅವನ ಮನೆತನದ ಹ್ಯೂ ಕ್ಯಾಪೆ 987ರಲ್ಲಿ ಸಿಂಹಾಸನ ಹಿಡಿದಾಗ ಮಾರ್ಟೆಲನ ಮೊಮ್ಮಗ ಚಕ್ರವರ್ತಿ ಶಾರ್ಲೆಮೇನನ ವಂಶದವರು ಇನ್ನೂ ಬದುಕಿದ್ದರು. ಆ ಮುಜುಗರ ತಲೆಮಾರುಗಳ ಕಾಲ ಉಳಿದಿತ್ತು. ಸುಮಾರು 1264ರಲ್ಲಿ ಲೂಯಿ ತನ್ನ ಹಿಂದಿನವರದು ಎಂದು 16 ಮಲಗಿದ ಮೂರ್ತಿಗಳನ್ನು ಒಟ್ಟಿಗೇ ಕೆತ್ತಿಸಿದ. ಚರ್ಚಿನ ದಕ್ಷಿಣಕ್ಕೆ ಹಳೆಯ ಎರಡು ವಂಶಗಳವರು, ಉತ್ತರಕ್ಕೆ ತನ್ನ ಕ್ಯಾಪೆ ವಂಶದವರು, ನಡುವೆ ತನ್ನ ತಾತ ಫಿಲಿಪ್ ಅಗಸ್ಟಸ್ ಮತ್ತು ತಂದೆ ಎಂಟನೇ ಲೂಯಿ. ನಡುವೆ ತಂದೆ ಯಾಕೆಂದರೆ, ಎಂಟನೇ ಲೂಯಿಗೆ ತಾಯಿಯ ಕಡೆಯಿಂದ ಶಾರ್ಲೆಮೇನನ ರಕ್ತ ಬಂದಿತ್ತು. ಒಳಗೆ ಬಂದವನಿಗೆ ಓದು ಬಾರದಿದ್ದರೂ ಪರವಾಗಿಲ್ಲ, ಕಲ್ಲುಗಳ ನಡುವೆ ನಡೆದುಹೋದರೆ ಸಾಕು, ಮೂರು ವಂಶಗಳೂ ಒಂದೇ ಎಂಬ ಮಾತು ತಲೆಗಿಳಿಯುತ್ತದೆ. ಮಾರ್ಟೆಲನಿಗೆ ಕಿರೀಟ ಬಂದದ್ದು ಹೀಗೆ.

ಮುಖಗಳನ್ನು ನೋಡಿ. ಆರುನೂರು ವರ್ಷಗಳ ಹಿಂದೆ ಸತ್ತವನಿಗೂ ನೂರು ವರ್ಷಗಳ ಹಿಂದೆ ಸತ್ತವನಿಗೂ ಹೆಚ್ಚು ಕಡಿಮೆ ಒಂದೇ ಮುಖ, ಒಂದೇ ವಯಸ್ಸು. ಕಣ್ಣು ತೆರೆದಿವೆ. ನಿಲುವಂಗಿಯ ನೆರಿಗೆಗಳು ನೇರವಾಗಿ ಪಾದದವರೆಗೆ ಇಳಿದಿವೆ, ಮಲಗಿದ ಮನುಷ್ಯನ ಬಟ್ಟೆ ಹಾಗೆ ಬೀಳುವುದಿಲ್ಲ. ನಿಂತ ಮೂರ್ತಿಯನ್ನು ಕೆತ್ತಿ ಹಾಗೇ ಅಡ್ಡ ಮಲಗಿಸಿದಂತಿದೆ. ಅವರು ಸತ್ತವರಲ್ಲ, ಪುನರುತ್ಥಾನಕ್ಕೆ ಕಾದಿರುವವರು ಎಂಬ ನಂಬಿಕೆ ಇದರ ಹಿಂದಿದೆ. ಹೋಲಿಕೆಯ ಹಂಗು ಆ ಶಿಲ್ಪಿಗಳಿಗೆ ಇರಲೇ ಇಲ್ಲ. ಆಮೇಲೆ, 1285ರಲ್ಲಿ ಸತ್ತ ಮೂರನೇ ಫಿಲಿಪ್‌ನ ಮೂರ್ತಿಯಲ್ಲಿ ನಿಜವಾದ ಒಬ್ಬ ಮನುಷ್ಯನ ಮುಖದ ಸುಳಿವು ಸಿಗತೊಡಗುತ್ತದೆ.

ಇಷ್ಟೆಲ್ಲ ಮಾಡಿಸಿದ ಲೂಯಿಯ ಸ್ವಂತ ಗೋರಿ ಮಾತ್ರ ಇವತ್ತು ಇಲ್ಲ! ಚಿನ್ನದ ಮುಲಾಮಿನ ಬೆಳ್ಳಿಯದ್ದಾಗಿತ್ತು, ಉಳಿಯಲಿಲ್ಲ. ಪೂರ್ವಜರಿಗೆ ಕೊಡಿಸಿದ ಸಾದಾ ಸುಣ್ಣಕಲ್ಲಿನ ಮೂರ್ತಿಗಳಲ್ಲಿ 14 ಉಳಿದಿವೆ. ಕಳೆದುಹೋದ ಎರಡರಲ್ಲಿ ಒಂದು ಹ್ಯೂ ಕ್ಯಾಪೆಯದೇ.

ಈಗ 1793ರ ಮಾತು. ಆ ವರ್ಷ ಫ್ರೆಂಚ್ ಕ್ರಾಂತಿಯ ಸಂಸತ್ತಾದ ಕನ್ವೆನ್ಷನ್ ಈ ಗೋರಿಗಳನ್ನು ಒಡೆಯಲು ಆದೇಶ ಹೊರಡಿಸಿತು. ಆಗಸ್ಟಿನಲ್ಲಿ ಮೂರೇ ದಿನದಲ್ಲಿ ಐವತ್ತೊಂದು ಗೋರಿಗಳನ್ನು ಕೆಡವಿದರು. ಅಕ್ಟೋಬರಿನಲ್ಲಿ ನೆಲಮಾಳಿಗೆ ತೆರೆದು ಹೆಣಗಳನ್ನೇ ಹೊರತೆಗೆದರು, ಸೀಸದ ಪೆಟ್ಟಿಗೆಗಳನ್ನು ಗುಂಡು ಮಾಡಲು ಕರಗಿಸಿದರು. ನಾಲ್ಕನೇ ಹೆನ್ರಿಯ ದೇಹ ಅಷ್ಟು ಚೆನ್ನಾಗಿ ಉಳಿದಿತ್ತೆಂದು ಜನ ಬಂದು ನೋಡಿಹೋದರು. ಕೊನೆಗೆ ಎಲ್ಲವನ್ನೂ ಚರ್ಚಿನ ಪಕ್ಕದ ಗುಂಡಿಗಳಿಗೆ ಎಸೆದು ಸುಣ್ಣ ಸುರಿದರು.

ಇದನ್ನು ಬರೀ ಪುಂಡಾಟ ಎಂದು ಬರೆಯುವುದು ರೂಢಿ. ಹೆಣಗಳ ವಿಷಯದಲ್ಲಿ ಒಪ್ಪುತ್ತೇನೆ, ಅಸಹ್ಯದ ಕೆಲಸ ಅದು. ಆದರೆ ಕಲ್ಲಿನ ವಿಷಯದಲ್ಲಿ ಕ್ರಾಂತಿಕಾರಿಗಳನ್ನು ಮೂರ್ಖರೆನ್ನಲು ನನಗಾಗುವುದಿಲ್ಲ. ಆ ಮೂರ್ತಿಗಳು ಅಲ್ಲಿ ಯಾಕೆ ಮಲಗಿವೆ ಎಂಬುದು, ಇವತ್ತು ಆಡಿಯೊ ಗೈಡ್ ಕಿವಿಗೆ ಹಾಕಿಕೊಂಡು ಸುತ್ತುವ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸುಳ್ಳು ವಂಶವೃಕ್ಷ ಎಂದು ತಿಳಿದವನು ಅದನ್ನು ಹರಿಯುತ್ತಾನೆ. ಹಾಗಂತ ಹರಿದದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಅಲೆಕ್ಸಾಂದ್ರ್ ಲೆನ್ವಾರ್ ಎಂಬಾತ ಸಿಕ್ಕಿದಷ್ಟು ಶಿಲ್ಪಗಳನ್ನು ಪ್ಯಾರಿಸ್ಸಿಗೆ ಸಾಗಿಸಿ 1795ರಲ್ಲಿ ಮ್ಯೂಸಿಯಂ ತೆರೆಯದಿದ್ದರೆ ನಾನು ಈ ಪೋಸ್ಟ್ ಬರೆಯಲು ಏನೂ ಇರುತ್ತಿರಲಿಲ್ಲ. ಅವನ ವಾದ ಸರಳ: ರಾಜರು ಬೇಡ, ಶಿಲ್ಪ ಬೇಕು.

ರಾಜಪ್ರಭುತ್ವ ಮರಳಿದ ಮೇಲೆ ಮ್ಯೂಸಿಯಂ ಮುಚ್ಚಿಸಿ ಎಲ್ಲವನ್ನೂ ವಾಪಸ್ ತಂದರು. ಗಿಲೊಟಿನ್‌ಗೆ ತಲೆಕೊಟ್ಟ ಹದಿನಾರನೇ ಲೂಯಿ ಮತ್ತು ಮೇರಿ ಅಂಟೋನೆಟ್‌ರ ಅವಶೇಷಗಳು 1815ರಲ್ಲಿ ಬಂದವು. ಗುಂಡಿಯಿಂದ ಎತ್ತಿದ ಮೂಳೆಗಳಲ್ಲಿ ಯಾವುದು ಯಾರದೆಂದು ಯಾರಿಗೂ ಗೊತ್ತಾಗಲಿಲ್ಲ. ಎಲ್ಲವನ್ನೂ ಒಂದೇ ಕಡೆ ಇಟ್ಟು ಹೆಸರುಗಳನ್ನು ಅಮೃತಶಿಲೆಯ ಫಲಕಗಳಲ್ಲಿ ಕೆತ್ತಿಸಿದರು. ಅಂದರೆ ಮೇಲೆ ಸಾಲಾಗಿ ಮಲಗಿರುವ ಆ ಮೂರ್ತಿಗಳ ಅಡಿಯಲ್ಲಿ ಯಾರೂ ಇಲ್ಲ. ಮೂರ್ತಿಗಳು ಈಗಿರುವ ಜಾಗವೂ ಒಂಬತ್ತನೇ ಲೂಯಿ ಇಟ್ಟದ್ದಲ್ಲ, 19ನೇ ಶತಮಾನದಲ್ಲಿ ಜೋಡಿಸಿದ್ದು.

ವಂಶವೃಕ್ಷದ ಗೊಡವೆ ಮರೆತು ನಾನು ತುಂಬ ಹೊತ್ತು ನಿಂತದ್ದು ಹನ್ನೆರಡನೇ ಲೂಯಿ ಮತ್ತು ಆನ್ ಆಫ್ ಬ್ರಿಟನಿ ಅವರ ಗೋರಿಯ ಮುಂದೆ. 1531ರಲ್ಲಿ ಮುಗಿದ ಕೆಲಸ. ಮೇಲ್ಗಡೆ ಇಬ್ಬರೂ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾರೆ, ಗಂಭೀರವಾಗಿ. ಕೆಳಗೆ, ಕಮಾನುಗಳ ಒಳಗೆ, ಅದೇ ಇಬ್ಬರು ಬೆತ್ತಲೆ ಹೆಣಗಳು. ದೇಹ ಕೆಡದಂತೆ ಒಳಾಂಗ ತೆಗೆದು ಹೊಟ್ಟೆ ಹೊಲಿದಿದ್ದಾರಲ್ಲ, ಆ ಹೊಲಿಗೆಯನ್ನೂ ಶಿಲ್ಪಿ ಬಿಟ್ಟಿಲ್ಲ. ರಾಣಿಯ ಹೊಟ್ಟೆಯ ಮೇಲೂ ಇದೆ. ಪಕ್ಕದಲ್ಲಿದ್ದ ಹುಡುಗನೊಬ್ಬ 'ಆಪರೇಷನ್ ಆಗಿದೆಯಾ' ಎನ್ನುವಂತೆ ತನ್ನ ಅಮ್ಮನಿಗೆ ಬೆರಳು ಮಾಡಿ ತೋರಿಸುತ್ತಿದ್ದ.

ಎರಡನೇ ಹೆನ್ರಿಯ ವಿಧವೆ ಕ್ಯಾಥರೀನ್ ದ ಮೆಡಿಚಿಯ ಕಥೆ ಇನ್ನೂ ವಿಚಿತ್ರ. ಗಂಡ 1559ರಲ್ಲಿ ಸತ್ತ, ಆಕೆ ಬದುಕಿದ್ದು 1589ರವರೆಗೆ. ಆದರೆ ಇಬ್ಬರ ಹೆಣಮೂರ್ತಿಗಳೂ ಆಕೆ ಬದುಕಿರುವಾಗಲೇ ತಯಾರಾದವು. ಮೊದಲು ಜಿರೊಲಾಮೊ ದೆಲ್ಲಾ ರೊಬ್ಬಿಯಾ ಆಕೆಯನ್ನು ಸೊರಗಿ, ಪಕ್ಕೆಲುಬು ಎದ್ದ ಶವವಾಗಿ ಕೆತ್ತಲು ಶುರುಮಾಡಿದ, ಅದು ಅರ್ಧಕ್ಕೆ ನಿಂತಿತು. ಆಮೇಲೆ ಜೆರ್ಮೆ ಪಿಲೋನ್ ಕೆತ್ತಿದ್ದು ಹೆಣದಂತೆಯೇ ಇಲ್ಲ, ಸುಂದರ ಹೆಂಗಸೊಬ್ಬಳು ನಿದ್ದೆಹೋದಂತಿದೆ. ಈಗ ಸೇಂಟ್ ಡೆನಿಯಲ್ಲಿರುವುದು ಇದೇ. ನನ್ನ ಓಟು ಮೊದಲಿನದಕ್ಕೆ. ಅರ್ಧಕ್ಕೆ ನಿಂತ ಆ ಕ್ಯಾಥರೀನ್ ಲೂವ್ರ್‌ನಲ್ಲಿದ್ದಾಳೆ. ಹೇಗೂ ಮೊನಾಲಿಸಾ ನೋಡಲು ಹೋಗುತ್ತೀರಿ, ಅಲ್ಲಿನ ನೂಕುನುಗ್ಗಲಿನಲ್ಲಿ ಅರ್ಧ ಗಂಟೆ ಉಳಿಸಿ ಇವಳನ್ನು ಹುಡುಕಿ. ಆಮೇಲೆ ಮೆಟ್ರೊ 13ನೇ ಲೈನ್ ಹಿಡಿದು ಸೇಂಟ್ ಡೆನಿಗೆ ಬನ್ನಿ, ಯಾರ ಕ್ಯಾಥರೀನ್ ಮೇಲು ಅಂತ ಕಾಮೆಂಟಿನಲ್ಲಿ ಜಗಳ ಆಡೋಣ.