ಮೂರು ಸಾವಿರ ಮಿಲಿಮೀಟರಿನ ಟೆಂಟು

ಈಗಿನ ಟೆಂಟುಗಳ ಚೀಟಿಯ ಮೇಲೆ ‘3000 ಮಿ.ಮೀ. ವಾಟರ್‌ಪ್ರೂಫ್’ ಎಂದು ಬರೆದಿರುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಬೀಳುವ ಮಳೆಯೂ ಹೆಚ್ಚುಕಡಿಮೆ ಅಷ್ಟೇ, ಕೆಲವು ವರ್ಷ ಅದಕ್ಕೂ ಮೇಲೆ. ಹಾಗಾಗಿ ಕುಮಟೆಯಲ್ಲಿ ಜೂನ್ ಒಂದಕ್ಕೆ ಟೆಂಟು ಹೂಡಿದವನ ಕೋಟಾ ಸೆಪ್ಟೆಂಬರಿಗೆ ಮುಗಿಯುತ್ತದೆ, ಆಮೇಲೆ ರೀಚಾರ್ಜ್ ಮಾಡಿಸಬೇಕು ಎಂದು ಯಾರಾದರೂ ತಿಳಿದರೆ ಬೈಯುವಂತಿಲ್ಲ. ಅಸಲಿಗೆ ಅದು ಮಳೆಯ ಲೆಕ್ಕವೇ ಅಲ್ಲ. ಬಟ್ಟೆಯ ತುಂಡೊಂದನ್ನು ಬಿಗಿದು, ಅದರ ಮೇಲೆ ನೀರಿನ ಒತ್ತಡ ಏರಿಸುತ್ತಾ ಹೋಗಿ, ಎಷ್ಟು ಎತ್ತರದ ನೀರಿನ ಭಾರಕ್ಕೆ ಹನಿ ಒಳಗೆ ಜಿನುಗಿತು ಎಂದು ಅಳೆದ ಸಂಖ್ಯೆ. ಪ್ರಯೋಗಾಲಯದಲ್ಲಿ ನೀರು ಒಂದೇ ದಿಕ್ಕಿನಿಂದ ಬರುತ್ತದೆ, ಪಾಪ. ಶಿರಸಿಯ ಆಷಾಢದಲ್ಲಿ ಅದು ಮೇಲಿಂದ ಬೀಳುತ್ತದೆ, ಗಾಳಿಯೊಟ್ಟಿಗೆ ಅಡ್ಡಡ್ಡ ಬರುತ್ತದೆ, ನೆಲದಲ್ಲಿ ಜಲ ಎದ್ದು ಕೆಳಗಿನಿಂದ ಹತ್ತುತ್ತದೆ. ಇಷ್ಟೂ ದಾರಿ ಬಂದ್ ಮಾಡಿ ಜಿಪ್ ಎಳೆದು ಮಲಗಿದವನ ಮುಖಕ್ಕೆ ಬೆಳಗಿನ ಜಾವ ಅವನದೇ ಉಸಿರು ಚಾವಣಿಗೆ ಹತ್ತಿ, ಹನಿಯಾಗಿ ತೊಟ್ಟಿಕ್ಕುತ್ತದೆ. ಅದಕ್ಕೆ ಯಾವ ಮಿಲಿಮೀಟರೂ ಇಲ್ಲ.

ಈ ವಿಷಯ ಈಗ ಯಾಕೆ ಬಂತೆಂದರೆ, ನಮ್ಮ ಕಡೆಯ ಹುಡುಗರಲ್ಲಿ ಹೊಸದೊಂದು ಉಮೇದು ಹುಟ್ಟಿದೆ. ಬೆಂಗಳೂರಿನಲ್ಲಿ ಡಿಸೈನ್ ಓದಿದವರು ಮಳೆಗಾಲಕ್ಕೆ ಊರಿಗೆ ಬಂದು ‘ಔಟ್‌ಡೋರ್ ಗೇರ್’ ಅಭಿವೃದ್ಧಿಪಡಿಸುತ್ತಾರೆ. ಹಾಗೆ ಬಂದ ಒಬ್ಬ, ಶಿರಸಿ ಪಕ್ಕದ ಹಳ್ಳಿಯ ತನ್ನ ಸೋದರಮಾವನ ಮನೆ ಜಗಲಿಯ ಮೇಲೆ ಕ್ಯಾಟಲಾಗು ಹರಡಿಕೊಂಡು ಕೂತಿದ್ದ. ಮಾವ ಕೊಟ್ಟಿಗೆ ಕೆಲಸ ಮುಗಿಸಿ ಬಂದು, ಎಲೆಯಡಿಕೆ ಕವಳದ ಬಟ್ಟಲು ಮುಂದಿಟ್ಟುಕೊಂಡು, ಒಂದೊಂದೇ ಪುಟ ತಿರುಗಿಸುತ್ತಿದ್ದರು.

ಮೊದಲ ಪುಟದಲ್ಲಿ ಉಸಿರಾಡುವ ಜಾಕೆಟ್ಟು. ಹೊರಗಿನ ಹನಿ ಒಳಗೆ ಬಾರದು, ಒಳಗಿನ ಬೆವರು ಮಾತ್ರ ಆವಿಯಾಗಿ ಹೊರಗೆ ಹೋಗುತ್ತದೆ. ಬೆಲೆ ನೋಡಿದರೆ ಒಂದು ಕ್ವಿಂಟಲ್ ಅಡಿಕೆಯ ನೆನಪಾಗುತ್ತದೆ.

“ಒಳಗಿನ ಆವಿ ಹೊರಗೆ ಹೋಗ್ತು ಹೇಳಾದ್ರೆ, ಹೊರಗೆ ಜಾಗ ಇರವು ಅಲ್ದ? ಇಲ್ಲಿ ಹೊರಗೇ ನೀರು ತುಂಬಿದ್ದು. ಎಲ್ಲಿಗೆ ಹೋಗ್ತು ತಮಾ?”

ಜಾಕೆಟ್ಟಿನ ವಿಜ್ಞಾನಕ್ಕೆ ಇದಕ್ಕಿಂತ ಚುಟುಕಾದ ವಿಮರ್ಶೆ ನಾನು ಕೇಳಿಲ್ಲ. ಆ ಪೊರೆ ಕೆಲಸ ಮಾಡುವುದು ಒಳಗೆ ಆವಿ ಹೆಚ್ಚು, ಹೊರಗೆ ಕಡಿಮೆ ಇದ್ದಾಗ. ಚಳಿಯ, ಒಣ ಹವೆಯ ಬೆಟ್ಟಗಳಿಗೆ ಅದು ಸರಿ. ಜುಲೈ ತಿಂಗಳಲ್ಲಿ, ಒಣಗಲು ಹಾಕಿದ ಲುಂಗಿ ಮೂರನೇ ದಿನ ಅಣಬೆ ವಾಸನೆ ಹೊಡೆಯುವ ಊರಿನಲ್ಲಿ ಆ ಜಾಕೆಟ್ಟು ತೊಟ್ಟವನು ಮಳೆಯಲ್ಲಿ ನೆನೆಯುವುದಿಲ್ಲ, ತನ್ನಲ್ಲೇ ನೆನೆಯುತ್ತಾನೆ.

ಈ ಸಮಸ್ಯೆಯನ್ನು ನಮ್ಮ ಗದ್ದೆಯವರು ಯಾವಾಗಲೋ ಬಗೆಹರಿಸಿದ್ದರು. ಬಿದಿರಿನ ಸೀಳು ಹೆಣೆದು, ನಡುವೆ ಎಲೆ ಹಾಸಿ, ದೋಣಿ ಕವುಚಿದ ಹಾಗೆ ಬೆನ್ನ ಮೇಲೆ ಹೊರುವ ಗೊರಬು. ಬಗ್ಗಿ ಸಸಿ ನೆಡುವಾಗ ಅದು ತಲೆಯಿಂದ ಸೊಂಟದವರೆಗೆ ಮುಚ್ಚುತ್ತದೆ, ಮೈಗೆ ಅಂಟುವುದಿಲ್ಲ, ಅಡಿಯಿಂದ ಗಾಳಿ ಸರಾಗವಾಗಿ ಆಡುತ್ತದೆ. ಎರಡೂ ಕೈ ಖಾಲಿ. ಈಗ ಗೊರಬು ಹೆಣೆಯುವವರೂ ಇಲ್ಲ, ಹಾಕುವವರೂ ಇಲ್ಲ. ಪ್ಲಾಸ್ಟಿಕ್ ಕೊಪ್ಪೆ ಬಂತು. ಗೊರಬು ನೋಡಲೇಬೇಕೆಂದರೆ ಯಾವುದಾದರೂ ರೆಸಾರ್ಟಿಗೆ ಹೋಗಬೇಕು. ರಿಸೆಪ್ಶನ್ನಿನ ಗೋಡೆಗೆ ಮೊಳೆ ಹೊಡೆದು, ಮೇಲೊಂದು ಹಳದಿ ಲೈಟು ಬಿಟ್ಟು ತೂಗುಹಾಕಿರುತ್ತಾರೆ. ಅದರ ಕೆಳಗೇ ನಿಂತು ಅತಿಥಿಗಳು ಬಾಡಿಗೆ ರೇನ್‌ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ.

ಆ ರೆಸಾರ್ಟಿನ ಟೆಂಟುಗಳ ಬಗ್ಗೆಯೂ ಎರಡು ಮಾತು ಹೇಳಬೇಕು. ಸಿಮೆಂಟಿನ ಕಟ್ಟೆ, ಕಬ್ಬಿಣದ ಚೌಕಟ್ಟು, ಎಸಿ, ಒಳಗೇ ಬಿಸಿನೀರಿನ ಬಚ್ಚಲು, ಇಷ್ಟಕ್ಕೂ ಹೊರಗಿನಿಂದ ಒಂದು ಕ್ಯಾನ್ವಾಸ್ ಹೊದಿಕೆ. ಇದಕ್ಕೆ ‘ಕ್ಯಾಂಪಿಂಗ್’. ಪಕ್ಕದಲ್ಲೇ ಅರಣ್ಯ ಭೂಮಿಯ ಹಕ್ಕುಪತ್ರಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿರುವವನು ಮಾಡಿಗೆ ತಾಡಪಾಲು ಹೊದೆಸಿ ಬದುಕಿದ್ದಾನೆ. ಅದಕ್ಕೆ ‘ಅತಿಕ್ರಮಣ’. ಎರಡೂ ಕಡೆ ಮೇಲಿರುವುದು ಬಟ್ಟೆಯೇ, ಒಳಗಿನ ಬಚ್ಚಲು ನೋಡಿ ಹೆಸರು ನಿಗದಿಯಾಗುತ್ತದೆ.

ಎರಡನೇ ಪುಟ: ಎಸೆದರೆ ಸಾಕು, ಕ್ಷಣದಲ್ಲಿ ತಾನೇ ಬಿಚ್ಚಿಕೊಂಡು ನಿಲ್ಲುವ ಟೆಂಟು. ಇದನ್ನು ಮತ್ತೆ ಮಡಚಿ ಚೀಲಕ್ಕೆ ತುಂಬಲು ಹೋದವರು ಬೆವರಿಳಿಸಿದ್ದು ಜಗತ್ತಿಗೇ ಗೊತ್ತು. ಕಾರವಾರದವರಿಗಂತೂ ಇದರಲ್ಲಿ ವಿಶೇಷ ಪರಿಣತಿ ಇದೆ. ಕಾಳಿಗೆ ಅಣೆಕಟ್ಟುಗಳು ಬಂದವು, ಕೈಗಾ ಬಂತು, 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಯೋಜನೆ ಬಿಚ್ಚಿಕೊಳ್ಳುವುದು ಬೇಗ, ಎಬ್ಬಿಸಿದವರ ಪರಿಹಾರದ ಕಡತ ಮಡಚುವುದಕ್ಕೆ ದಶಕಗಳು. ಗಂಟುಮೂಟೆ ಕಟ್ಟುವ ವಿದ್ಯೆಯಲ್ಲಿ ಈ ಜಿಲ್ಲೆಯನ್ನು ಮೀರಿಸುವ ಸಲಹೆಗಾರರು ಟೆಂಟು ಕಂಪನಿಗಳಿಗೆ ಸಿಗಲಾರರು.

ಕಾಳಿಯ ಮಾತು ಬಂತಲ್ಲ, ರ‍್ಯಾಫ್ಟಿಂಗಿನ ಹೆಲ್ಮೆಟ್ಟು, ಜಾಕೆಟ್ಟುಗಳಿಗೂ ಕ್ಯಾಟಲಾಗಿನಲ್ಲಿ ಜಾಗ ಇತ್ತು. ‘ಪಳಗದ ಕಾಡುನದಿಗೆ ಎದೆಯೊಡ್ಡಿ’ ಎಂಬ ತಲೆಬರಹ. ಗಣೇಶಗುಡಿಯಲ್ಲಿ ರ‍್ಯಾಫ್ಟು ತೇಲಬೇಕಾದರೆ ಮೇಲೆ ಸೂಪಾ ಅಣೆಕಟ್ಟಿನಲ್ಲಿ ವಿದ್ಯುತ್ ಉತ್ಪಾದನೆಗೆ ನೀರು ಬಿಡಬೇಕು. ಅಂದರೆ ರಾಜಧಾನಿಯಲ್ಲಿ ಯಾರೋ ಎಸಿ ಹಾಕಿದರೆ ಇಲ್ಲಿ ಕಾಡುನದಿ ರೌದ್ರಾವತಾರ ತಾಳುತ್ತದೆ. ಎದೆಯೊಡ್ಡಲು ಬಂದವರೂ ಅವರೇ.

ಉಂಬಳಕ್ಕೆ, ಅಂದರೆ ಜಿಗಣೆಗೆ, ಮೊಣಕಾಲುದ್ದದ ಕಾಲುಚೀಲ ಇತ್ತು, ನೇಯ್ಗೆ ಒತ್ತಾಗಿದೆ, ಉಂಬಳ ತೂರದು. ಇದನ್ನು ನಾನೂ ಒಪ್ಪುತ್ತೇನೆ, ಒಳ್ಳೆಯ ವಸ್ತು. ಯಾಣದ ದಾರಿಯಲ್ಲಿ ಪ್ರವಾಸಿಗರು ರಕ್ತ ನಿಲ್ಲುತ್ತಿಲ್ಲವೆಂದು ಹೌಹಾರುವುದು ಇದರಿಂದ ತಪ್ಪೀತು. ಉಂಬಳ ಕಚ್ಚುವಾಗಲೇ ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿರುತ್ತದೆ, ಅದು ಬಿಟ್ಟುಹೋದ ಮೇಲೂ ಸೋರುತ್ತದೆ, ಅಷ್ಟೇ. ಆದರೆ ಹುಡುಗ ಅಲ್ಲಿಗೆ ನಿಲ್ಲಿಸದೆ ‘ಸ್ಮಾರ್ಟ್ ಲೀಚ್ ಅಲರ್ಟ್’ ಅಂತ ಒಂದು ಬಳೆ ಯೋಚಿಸಿದ್ದ. ಉಂಬಳ ಹತ್ತಿದೊಡನೆ ಮೊಬೈಲಿಗೆ ಸಂದೇಶ ಬರುತ್ತದೆ.

“ಮೊಬೈಲಿಗೆ ಬಪ್ಪಲೆ ನೆಟ್‌ವರ್ಕ್ ಎಲ್ಲಿದ್ದು?” ಮಾವ ಕವಳ ಉಗಿದು ಬಂದರು. “ಗುಡ್ಡದ ಮೇಲೆ ಮಾತ್ರ ಇದ್ದು. ಗುಡ್ಡ ಹತ್ತಲೆ ಹೋದ್ರೇ ಉಂಬಳ ಹತ್ತತು.”

2020ರಲ್ಲಿ ಶಾಲೆಗಳು ಆನ್‌ಲೈನ್ ಆದಾಗ ನಮ್ಮ ಜಿಲ್ಲೆಯ ಮಕ್ಕಳು ಅದೇ ಗುಡ್ಡಗಳ ಮೇಲೆ ಗಳ ನೆಟ್ಟು, ತಾಡಪಾಲು ಕಟ್ಟಿ, ಮಳೆಯಲ್ಲಿ ಮೊಬೈಲನ್ನು ಪ್ಲಾಸ್ಟಿಕ್ ಕೊಟ್ಟೆಯೊಳಗಿಟ್ಟು ಪಾಠ ಕೇಳಿದವು. ದೇಶದ ಅತ್ಯುತ್ತಮ ಹೊರಾಂಗಣ ಸಲಕರಣೆ ಪರೀಕ್ಷೆ ಅಲ್ಲೇ ನಡೆದುಹೋಗಿದೆ. ಸಾಹಸ ಕ್ರೀಡೆ ಎಂದು ಯಾರೂ ನೋಂದಾಯಿಸದ್ದರಿಂದ ಪದಕ ಬರಲಿಲ್ಲ. ಹಳ್ಳ ದಾಟುವ ಕಾಲುಸಂಕವನ್ನೂ ಇಲ್ಲೇ ಸೇರಿಸಬಹುದು. ಎರಡು ಅಡಿಕೆ ಮರದ ದಬ್ಬೆ, ಕೆಳಗೆ ಕೆಂಪು ನೀರು, ಮೇಲೆ ಪಾಟಿಚೀಲ. ಇದೇ ಸಂಕಕ್ಕೆ ಹಗ್ಗ, ಹೆಲ್ಮೆಟ್ಟು, ಟಿಕೆಟ್ಟು ಸೇರಿಸಿದರೆ ಪ್ರವಾಸೋದ್ಯಮ. ಸೇತುವೆ ಕೇಳಿದರೆ ಅನುದಾನ ಇಲ್ಲ, ‘ರೋಪ್ ಆಕ್ಟಿವಿಟಿ’ ಎಂದು ಬರೆದುಕೊಟ್ಟರೆ ಇದ್ದರೂ ಇರಬಹುದು. ನಮ್ಮ ಪಂಚಾಯಿತಿಯವರು ಒಮ್ಮೆ ಹಾಗೆ ಅರ್ಜಿ ಹಾಕಿ ನೋಡಲಿ.

ತಿಂಡಿಯ ಪುಟವನ್ನು ಮಾವ ಓದದೆ ದಾಟಿಸಿದರು. ಬಿಸಿನೀರು ಹುಯ್ದರೆ ಮೂರು ನಿಮಿಷದಲ್ಲಿ ಊಟವಾಗುವ ಪೊಟ್ಟಣ. ಅವಲಕ್ಕಿಗೆ ಬಿಸಿನೀರೂ ಬೇಡ.

ಕೊನೆಯ ಪುಟ ಹುಡುಗನ ಹೆಮ್ಮೆಯದು. ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಮಡಚಬಹುದಾದ ನೈಲಾನ್ ಹ್ಯಾಮಕ್ಕು. ಎರಡು ಮರಗಳ ನಡುವೆ ಕಟ್ಟಿದರೆ ಇಬ್ಬರು ದೊಡ್ಡವರು ಮಲಗಬಹುದು. ಮಾವ ಮೊದಲ ಬಾರಿಗೆ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಬಟ್ಟೆ ಮುಟ್ಟಿದರು. ಎಳೆದು ನೋಡಿದರು. ಹೊಲಿಗೆ ಎಷ್ಟು ಭಾರ ತಡೆಯುತ್ತದೆ, ಮಳೆಗೆ ಜಾರುತ್ತದೆಯೋ, ನಡುವೆ ಬಿದಿರಿನ ಗಳ ತೂರಿಸಲು ಬರುತ್ತದೆಯೋ ಎಂದೆಲ್ಲ ಕೇಳಿದರು.

ಹುಡುಗನಿಗೆ ಗಳ ಯಾಕೆಂದು ಗೊತ್ತಾಗಲಿಲ್ಲ. ರಸ್ತೆ ಇಲ್ಲದ ಮಜಿರೆಗಳಲ್ಲಿ ಕಾಯಿಲೆ ಬಿದ್ದವರನ್ನು ಕಂಬಳಿ ಜೋಲಿಯಲ್ಲಿ ಮಲಗಿಸಿ, ಗಳಕ್ಕೆ ಕಟ್ಟಿ, ಹೊತ್ತು ತರುತ್ತಾರೆ. ಡಾಂಬರು ಕಾಣುವವರೆಗೆ ಜೋಲಿ, ಅಲ್ಲಿಂದ ಅಂಬುಲೆನ್ಸು, ಆಮೇಲೆ ಮಣಿಪಾಲವೋ ಮಂಗಳೂರೋ ಹುಬ್ಬಳ್ಳಿಯೋ ಗೋವೆಯೋ, ಜೀವ ಗಟ್ಟಿ ಇದ್ದಷ್ಟು ದೂರ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2019ರಲ್ಲಿ ಊರವರೆಲ್ಲ ಸೇರಿ ಟ್ವಿಟರಿನಲ್ಲಿ ಕೂಗಿದರು, 2022ರಲ್ಲಿ ಇನ್ನೊಮ್ಮೆ ಕೂಗಿದರು. ಭರವಸೆ ಸಿಕ್ಕಿತು. ಕ್ಯಾಟಲಾಗಿನ ಭಾಷೆಯಲ್ಲಿ ಅದು ಅಲ್ಟ್ರಾಲೈಟ್, ತೂಕವೇ ಇಲ್ಲದ್ದು.

“ಕಂಬಳಿ ಒದ್ದೆಯಾದ್ರೆ ಮಣಭಾರ ಆಗ್ತು. ಇದು ಅಡ್ಡಿಲ್ಲೆ,” ಎಂದರು ಮಾವ.

ಹುಡುಗನ ಮುಖ ಅರಳಿತು. ಲ್ಯಾಪ್‌ಟಾಪು ತೆರೆದು ‘ಬಳಕೆದಾರರ ಅಭಿಪ್ರಾಯ’ ಎಂಬ ಕಡೆ ಟೈಪು ಮಾಡತೊಡಗಿದ. ಬಣ್ಣ ಯಾವುದಿರಲಿ, ಕೊಂಡಿ ಅಲ್ಯೂಮಿನಿಯಂ ಆದೀತೇ, ಗಳವನ್ನೂ ಕಾರ್ಬನ್ ಫೈಬರಿನದೇ ಮಾಡಿ ಪೆಟ್ಟಿಗೆಯಲ್ಲಿ ಕೊಟ್ಟರೆ ಹೇಗೆ ಎಂದು ಒಂದೇ ಉಸಿರಿಗೆ ಕೇಳಿದ.

ಮಾವ ಅಂಗಳದಾಚೆಯ ಮನೆಗಳ ಕಡೆ ಕೈ ತೋರಿಸಿದರು. ಒಂದರಲ್ಲಿ ಅಜ್ಜ-ಅಜ್ಜಿ, ಇನ್ನೊಂದರಲ್ಲಿ ಅಜ್ಜಿ ಒಬ್ಬರೇ, ಮತ್ತೊಂದಕ್ಕೆ ಬೀಗ. ಮಕ್ಕಳೆಲ್ಲ ಬೆಂಗಳೂರಿನಲ್ಲಿ.

“ಎಲ್ಲಾ ಸರಿ ತಮಾ. ಹೊರದು ಯಾರು?”

ಹುಡುಗ ಗಡಿಯಾರ ನೋಡಿಕೊಂಡ. ಸಂಜೆಯ ಸ್ಲೀಪರ್ ಬಸ್ಸಿಗೆ ಅವನ ಸೀಟು ಬುಕ್ಕಾಗಿತ್ತು.