ಕೋವಿಗೆ ಲೈಸೆನ್ಸ್ ಬೇಡ, ವಾಲಗಕ್ಕೆ ಬೇಕು

ಅಕ್ಕನ ಮಗಳ ಮದುವೆಯ ವಿಡಿಯೋ ಇಂಟರ್ನೆಟ್ಟಿಗೆ ಏರಿಸಲು ನನಗೆ ಎರಡು ರಾತ್ರಿ ಹಿಡಿಯಿತು. ನಮ್ಮ ಮನೆಯೊಳಗೆ ನೆಟ್‌ವರ್ಕ್ ಬರುವುದಿಲ್ಲ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ, ತುಕ್ಕು ಹಿಡಿದ ಹಳೇ ಪಲ್ಪರ್ ಮೇಲೆ ಫೋನ್ ಇಟ್ಟರೆ ಎರಡು ಕಡ್ಡಿ ಬರುತ್ತದೆ. ಆನೆ ಬಂದರೆ ಓಡಲು ಅನುಕೂಲ ಆಗಲಿ ಅಂತ ಚಪ್ಪಲಿಯನ್ನು ಮನೆ ಕಡೆ ಮುಖ ಮಾಡಿ ಬಿಟ್ಟು, ಕಂಬಳಿ ಹೊದ್ದು, ಫೋನಿಗೆ ಕಾವಲು ಕೂತೆ. ನಲವತ್ತು ನಿಮಿಷದ ವಿಡಿಯೋ. ಮದುವೆಗೆ ಬರಲಾಗದ ನೆಂಟರು ದುಬೈಯಲ್ಲಿ ಕಾಯುತ್ತಿದ್ದರು.

ಎರಡನೇ ದಿನ ಬೆಳಗಿನ ಜಾವ ನೂರಕ್ಕೆ ನೂರು ಆಯಿತು. ಎದ್ದು ಕಾಫಿಗೆ ನೀರಿಟ್ಟು ಬರುವಷ್ಟರಲ್ಲಿ ನೋಟಿಸ್ ಬಂದು ಕೂತಿತ್ತು. 'ನಿಮ್ಮ ವಿಡಿಯೋದಲ್ಲಿ ಬೇರೆಯವರ ಒಡೆತನದ ಸಂಗೀತ ಇದೆ.' ಏರಿಸಲು ಎರಡು ರಾತ್ರಿ, ಹಿಡಿಯಲು ಮೂರು ನಿಮಿಷ! ನಮ್ಮ ತೋಟದ ಕರಿಮೆಣಸು ಕದ್ದವನನ್ನು ಹಿಡಿಯಿರಿ ಅಂತ ದೂರು ಕೊಟ್ಟು ಎರಡು ವರ್ಷ ಆಯಿತು, ಅದು ಬೇರೆ ಮಾತು.

ಬೇರೆಯವರ ಸಂಗೀತ ಯಾವುದಪ್ಪಾ ಅಂತ ನೋಡಿದರೆ ನಮ್ಮ ವಾಲಗ. ಹಾಡಲ್ಲ, ಸಿನಿಮಾದ್ದಲ್ಲ. ಕೊಂಬು, ಕೊಟ್ಟು, ವಾಲಗ. ಅಜ್ಜನ ಮದುವೆಯಲ್ಲಿ ಊದಿದ್ದು, ಅಪ್ಪನ ಮದುವೆಯಲ್ಲಿ ಊದಿದ್ದು, ನನ್ನ ಮದುವೆಯಲ್ಲಿ ಸ್ವಲ್ಪ ಜಾಸ್ತಿಯೇ ಊದಿದ್ದು. ಊದಿದವರಿಗೆ ನಮ್ಮ ಭಾವನೇ ಕೈಯಾರೆ ದುಡ್ಡು ಕೊಟ್ಟಿದ್ದಾರೆ. ಊಟ ಹಾಕಿದ್ದೇವೆ, ಪಂದಿಕರಿ ಎರಡನೇ ಸಲ ಬಡಿಸಿದ್ದೇವೆ. ಇಷ್ಟೆಲ್ಲಾ ಆದ ಮೇಲೆ, ಕಾವೇರಿ ಎಲ್ಲಿ ಹುಟ್ಟುತ್ತಾಳೆ ಅಂತಲೂ ಗೊತ್ತಿಲ್ಲದ ಯಾವುದೋ ಕಂಪನಿ ಬಂದು 'ಅದು ನಮ್ಮದು' ಅನ್ನುತ್ತಿದೆ.

ತಕರಾರು ಇದ್ದರೆ ಹೇಳಿ ಅಂದರು ವಿಡಿಯೋ ತಾಣದವರು. ಹೇಳಿದೆ. ದೂರಿದವರಿಗೆ ಉತ್ತರ ಕೊಡಲು ಮೂವತ್ತು ದಿನ ಟೈಮ್ ಇದೆ, ಕಾಯಿರಿ ಅಂದರು. ಅಲ್ಲಿಯವರೆಗೆ ಸದ್ದು ಬಂದ್.

ನೀವು ಕೊಡಗಿನ ಮದುವೆಯ ಕುಣಿತವನ್ನು ಸದ್ದಿಲ್ಲದೆ ನೋಡಿದ್ದೀರಾ? ಸುಮ್ನೆ ಒಮ್ಮೆ ನೋಡಿ. ಕುಪ್ಯ ಅನ್ನುವ ನಿಲುವಂಗಿ ತೊಟ್ಟ ಹತ್ತು ಗಂಡಸರು, ಮಳೆಗಾಲದಲ್ಲಿ ಕಾಡಿಗೆ ಹೋಗಿ ಕಾಲಿಗೆಲ್ಲಾ ಜಿಗಣೆ ಹತ್ತಿಸಿಕೊಂಡು ಬಂದವರ ಹಾಗೆ ಕಾಣುತ್ತಾರೆ. ಒಬ್ಬರು ಕೈ ಮೇಲೆತ್ತಿ ಕೊಡವುತ್ತಿದ್ದಾರೆ. ಇನ್ನೊಬ್ಬರು ಮಂಡಿ ಬಗ್ಗಿಸಿ ಏನೋ ಹುಡುಕುತ್ತಿದ್ದಾರೆ. ಪಕ್ಕದ ತೋಟದ ಮಾವ ಕಣ್ಣು ಮುಚ್ಚಿ, ಪೀಚೆಕತ್ತಿ ಹಿಡಿದುಕೊಂಡು, ಒಂದೇ ಜಾಗದಲ್ಲಿ ಗರಗರ ತಿರುಗುತ್ತಿದ್ದಾರೆ. ದುಬೈಯಿಂದ ಫೋನ್ ಬಂತು. 'ಮಾವನಿಗೆ ಹುಷಾರಿಲ್ವಾ?'

ಮಾವನಿಗೆ ವಿಷಯ ತಿಳಿಸಿದೆ. ಅವರು ಗೋಡೆ ನೋಡಿದರು. ಗೋಡೆಯಲ್ಲಿ ಅವರ ಕೋವಿ ನೇತಾಡುತ್ತಿತ್ತು.

'ಇದಕ್ಕೆ ಲೈಸೆನ್ಸ್ ಉಂಟಾ?'

'ಇಲ್ಲ ಮಾವ, ನಮಗೆ ವಿನಾಯಿತಿ.'

'ಮತ್ತೆ ಓಲಗಕ್ಕೆ ಎಂತಕ್ಕೆ ಬೇಕು ಮಾರಾಯ?'

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊರಗಿನ ಓದುಗರಿಗಾಗಿ ಹೇಳುತ್ತೇನೆ: ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ, 2029ರವರೆಗೆ ಮುಂದುವರಿಸಿತು. ನಮ್ಮ ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಿಸಿದರೆ ಅದು ಸಂಪ್ರದಾಯ. ಅದರ ಹಿಂದೆ ಬರುವ ವಾಲಗವನ್ನು ಫೋನಲ್ಲಿ ಹಿಡಿದು ಅತ್ತೆಗೆ ಕಳಿಸಿದರೆ ಒಡೆತನದ ಪ್ರಶ್ನೆ. ಗುಂಡಿನ ಸದ್ದಿನ ಮೇಲೆ ಇನ್ನೂ ಯಾರೂ ಹಕ್ಕು ಸಾಧಿಸಿಲ್ಲ. ಯಾರಾದರೂ ಒಂದು ಆಲ್ಬಮ್ ಮಾಡಿದರೆ ಅದೂ ಹೋಯಿತು.

ಅಲ್ಲ, ಕಾನೂನನ್ನು ಬೈಯುವ ಹಾಗಿಲ್ಲ. ಅದರಲ್ಲಿ ಎಲ್ಲಾ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ತೆಗೆದು ನೋಡಿ. ಧಾರ್ಮಿಕ ಕಾರ್ಯದಲ್ಲಿ ಹಾಡು ಹಾಕಿದರೆ ಉಲ್ಲಂಘನೆ ಅಲ್ಲ. ಮದುವೆಯ ದಿಬ್ಬಣ, ಮದುವೆಗೆ ಸೇರಿದ ಉಳಿದ ಸಂಭ್ರಮ ಎಲ್ಲವೂ ಅದರೊಳಗೇ ಬರುತ್ತದೆ. ಆದರೂ ಹಾಡಿನ ಹಕ್ಕಿನ ಸಂಸ್ಥೆಗಳು ಹಾಲ್‌ನವರನ್ನು, ಹೋಟೆಲ್‌ನವರನ್ನು ಹಾಡಿನ ಬಾಬ್ತು ದುಡ್ಡು ಕಟ್ಟಿ ಅಂತ ಕೇಳುವುದು ನಿಲ್ಲಲಿಲ್ಲ. ಕೊನೆಗೆ 2023ರ ಜುಲೈಯಲ್ಲಿ ಕೇಂದ್ರವೇ ಒಂದು ಪ್ರಕಟಣೆ ಹೊರಡಿಸಿ, 'ಮದುವೆಯಲ್ಲಿ ಹಾಡು ಹಾಕುವುದಕ್ಕೆ ದುಡ್ಡು ಕೇಳಬೇಡಿ, ಕಾಯ್ದೆ ಓದಿ' ಅನ್ನುವ ಅರ್ಥದ ಮಾತು ಹೇಳಬೇಕಾಯಿತು.

ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಜಾ ಇದೆ. ಸರ್ಕಾರದ ಅಧಿಕೃತ ಸಮಾರಂಭಕ್ಕೂ ವಿನಾಯಿತಿ. ಅಂದರೆ ನಾಳೆ ಮಡಿಕೇರಿಯಲ್ಲಿ ಸರ್ಕಾರವೇ 'ಪೈರಸಿ ವಿರೋಧಿ ಸಮಾವೇಶ' ಅಂತ ಮಾಡಿ, ಬೆಳಗ್ಗಿನಿಂದ ಸಂಜೆವರೆಗೆ ಮೈಕಿನಲ್ಲಿ ಊರವರ ಹಾಡೆಲ್ಲಾ ಹಾಕಿದರೂ ಯಾರೂ ಏನೂ ಕೇಳುವ ಹಾಗಿಲ್ಲ. ದಸರೆಯ ದಶಮಂಟಪದಲ್ಲಿ ರಾಕ್ಷಸನ ಎದೆ ನಡುಗುವ ಹಾಗೆ ಸ್ಪೀಕರ್ ಕಟ್ಟಿದರೂ ಅದು ದೇವರ ಕಾರ್ಯ. ಇಂಟರ್ನೆಟ್ಟಿನ ಯಂತ್ರಕ್ಕೆ ಮಾತ್ರ ಈ ಸೆಕ್ಷನ್ ಯಾರೂ ಓದಿ ಹೇಳಿಲ್ಲ. ಅದಕ್ಕೆ ಮದುವೆಯೂ ಗೊತ್ತಿಲ್ಲ, ದೇವರೂ ಗೊತ್ತಿಲ್ಲ. ಯಾರೋ ಒಬ್ಬರು ಯಾವತ್ತೋ ವಾಲಗ ರೆಕಾರ್ಡ್ ಮಾಡಿ ಲೆಕ್ಕಕ್ಕೆ ಹಾಕಿದ್ದಾರೆ. ರಾಗ ಊರಿನದ್ದು, ರೆಕಾರ್ಡಿಂಗ್ ಅವರದ್ದು. ಅಷ್ಟು ಸರಿ. ಆದರೆ ಯಂತ್ರ ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದೇ ಥರ ಕೇಳಿಸುತ್ತೆ, ಕಳ್ಳ ನೀನೇ ಅಂತ ತೀರ್ಪು ಕೊಡುತ್ತದೆ. ಒಂದೇ ಥರ ಕೇಳಿಸದೆ ಇರಲು ಅದೇನು ಬೇರೆ ವಾಲಗವಾ?

ಇಷ್ಟು ಚುರುಕಾದ ಯಂತ್ರ ಇರುವಾಗ ನಿಜವಾದ ಕಳ್ಳರ ಗತಿ ಏನಾಗಿರಬೇಡ ಅಂತ ನೀವು ಕೇಳಬಹುದು. ಅವರು ಚೆನ್ನಾಗಿದ್ದಾರೆ.

ಶುಕ್ರವಾರ ಸಿನಿಮಾ ಬಿಡುಗಡೆ ಆಗುತ್ತದೆ. ರಾತ್ರಿಯೊಳಗೆ ಊರಿನ ವಾಟ್ಸಾಪ್ ಗುಂಪಿಗೆ ಲಿಂಕ್ ಬರುತ್ತದೆ. ಭತ್ತದ ರೇಟ್, ನಿಧನ ವಾರ್ತೆ, ಕಾಣೆಯಾದ ದನ, ಅದರ ಕೆಳಗೆ ಹೊಸ ಸಿನಿಮಾ. ಪರದೆಯ ಮುಂದೆ ಯಾರೋ ಎದ್ದು ಹೋಗುವುದು, ಹಿಂದಿನ ಸೀಟಿನ ಮಗು ಅಳುವುದು ಎಲ್ಲಾ ಸೇರಿ ಬರುತ್ತದೆ. ಮಾವನಿಗೆ ಅದೇ ಇಷ್ಟ. 'ಟಾಕೀಸಿಗೆ ಹೋದ ಹಾಗೇ ಆಗ್ತದೆ' ಅನ್ನುತ್ತಾರೆ.

ಇಂಥವರಿಗೆ ಕಾನೂನು ಸಣ್ಣದಲ್ಲ. ನಮ್ಮ ರಾಜ್ಯದ ಗೂಂಡಾ ಕಾಯ್ದೆ ಅಂತ ನಾವು ಚಿಕ್ಕದಾಗಿ ಕರೆಯುವ 1985ರ ಕಾಯ್ದೆಯ ಪೂರ್ತಿ ಹೆಸರು ಓದಿದ್ದೀರಾ? ಆಸಿಡ್ ಎರಚುವವರು, ಕಳ್ಳಭಟ್ಟಿಯವರು, ಪರಿಸರ ಹಾಳುಮಾಡುವವರು, ಡಿಜಿಟಲ್ ಅಪರಾಧಿಗಳು, ಡ್ರಗ್ಸ್‌ನವರು, ಜೂಜುಕೋರರು, ಗೂಂಡಾಗಳು, ಭೂಗಳ್ಳರು, ಹೀಗೆ ಹೋಗಿ ಹೋಗಿ, ಪಂಕ್ತಿಯ ಕೊನೇ ಎಲೆಯಲ್ಲಿ ವಿಡಿಯೋ, ಆಡಿಯೋ ಪೈರಸಿಯವರು. ವಿಚಾರಣೆಗೂ ಮೊದಲೇ ಒಂದು ವರ್ಷದವರೆಗೆ ಒಳಗಿಡಬಹುದು. ಕಾಯ್ದೆಯ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಸಿನಿಮಾ ಡೌನ್‌ಲೋಡ್ ಆಗಿರುತ್ತದೆ. ಅದೂ ನೆಟ್ ಇದ್ದರೆ.

2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೂ ತಿದ್ದುಪಡಿ ಬಂತು. ಟಾಕೀಸಿನಲ್ಲಿ ಕದ್ದು ರೆಕಾರ್ಡ್ ಮಾಡಿದರೆ ಕನಿಷ್ಠ 3 ತಿಂಗಳು, ಹೆಚ್ಚೆಂದರೆ 3 ವರ್ಷ ಜೈಲು. ದಂಡ 3 ಲಕ್ಷದಿಂದ ಶುರುವಾಗಿ, ಸಿನಿಮಾದ ಆಡಿಟ್ ಆದ ಖರ್ಚಿನ ಶೇ. 5ರವರೆಗೆ. ಈ 'ಆಡಿಟ್ ಆದ' ಅನ್ನುವ ಮಾತು ಸೇರಿಸಿದ ಪುಣ್ಯಾತ್ಮನಿಗೆ ನನ್ನದೊಂದು ನಮಸ್ಕಾರ. ಪ್ರೆಸ್‌ಮೀಟಿನಲ್ಲಿ ನೂರು ಕೋಟಿ ಬಜೆಟ್ ಅಂತ ಹೇಳಿದ ನಿರ್ಮಾಪಕರು ಆಡಿಟರ್ ಮುಂದೆ ಎಷ್ಟು ಅಂತ ಹೇಳಿರುತ್ತಾರೋ, ಅದು ಗೊತ್ತಾಗಲಿಕ್ಕಾದರೂ ಒಬ್ಬ ಕಳ್ಳ ಸಿಗಬೇಕು.

ಸಿಗಬೇಕಲ್ವಾ? ಅಲ್ಲೇ ಇರುವುದು ಕಷ್ಟ. ಕಳ್ಳ ಯಾರು ಅಂತ ಗೊತ್ತಿಲ್ಲದಿದ್ದರೆ ಕೋರ್ಟುಗಳು ಒಂದು ಹೆಸರು ಇಟ್ಟುಕೊಂಡು ಆದೇಶ ಕೊಡುತ್ತವೆ. ಅಮೆರಿಕದಲ್ಲಿ ಆ ಹೆಸರು ಜಾನ್ ಡೋ. ನಮ್ಮಲ್ಲಿ ಅಶೋಕ್ ಕುಮಾರ್. ತಮಾಷೆ ಅಲ್ಲ, ನಮ್ಮ ಹೈಕೋರ್ಟುಗಳ ಇಂಥ ಆದೇಶಗಳನ್ನು ವಕೀಲರು ಕರೆಯುವುದೇ ಅಶೋಕ್ ಕುಮಾರ್ ಆದೇಶ ಅಂತ. ಮಾವನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, ಕೊಡಗಿನಲ್ಲಿ ಯಾರ ಹೆಸರು ಹೇಳಿದರೂ ಕೇಳುವಂಥದ್ದು: 'ಮನೆಪೆದ ಎಂತ?' ಮನೆತನದ ಹೆಸರಿಲ್ಲದವನನ್ನು ನಾವು ಮದುವೆಗೇ ಕರೆಯುವುದಿಲ್ಲ. ಕೋರ್ಟಿಗೆ ಹೇಗೆ ಕರೆಯುತ್ತಾರೋ.

ಕಳ್ಳ ಸಿಗದಿದ್ದರೆ ಅವನ ವೆಬ್‌ಸೈಟ್ ಮುಚ್ಚುತ್ತಾರೆ. ಇದಂತೂ ನಮ್ಮ ಅರಣ್ಯ ಇಲಾಖೆಯ ಆನೆ ಕಂದಕದ ಕಥೆಯೇ. ಕಂದಕ ತೋಡಿದರೆ ಆನೆ ಕಾಲಿನಿಂದ ಮಣ್ಣು ತಳ್ಳಿ ದಾರಿ ಮಾಡಿಕೊಳ್ಳುತ್ತದೆ. ಸೋಲಾರ್ ಬೇಲಿ ಹಾಕಿದರೆ ಮರದ ದಿಮ್ಮಿ ತಂದು ತಂತಿಯ ಮೇಲೆ ಕೆಡವಿ ದಾಟುತ್ತದೆ. ವೆಬ್‌ಸೈಟಿಗೆ ಅಷ್ಟೂ ಶ್ರಮ ಇಲ್ಲ, ಹೆಸರಿನ ಕೊನೆಯ ಬಾಲ ಬದಲಾಯಿಸಿದರೆ ಆಯಿತು. ಬಾಲ ಬದಲಾದಾಗೆಲ್ಲಾ ಹೊಸ ಕೇಸ್ ಹಾಕುವುದು ಬೇಡ, ಹಳೇ ಆದೇಶವನ್ನೇ ಹೊಸ ಬಾಲಕ್ಕೂ ಅಂಟಿಸಬಹುದು ಅಂತ ದೆಹಲಿ ಹೈಕೋರ್ಟ್ 2019ರಲ್ಲಿ ದಾರಿ ತೋರಿಸಿತು. ಆನೆಗೆ ಸುದ್ದಿ ಮುಟ್ಟಿದ ಹಾಗೆ ಕಾಣುವುದಿಲ್ಲ. ಅದಕ್ಕೂ ಮೊದಲು, 2012ರಲ್ಲಿ, ಒಂದು ತಮಿಳು ಸಿನಿಮಾ ಕಾಪಾಡಲು ಮದ್ರಾಸ್ ಹೈಕೋರ್ಟಿನಿಂದ ಆದೇಶ ತಂದಾಗ, ಇಂಟರ್ನೆಟ್ ಕಂಪನಿಗಳು ನೆಟ್ಟಗಿರುವ ವಿಡಿಯೋ ತಾಣಗಳನ್ನೂ ಸೇರಿಸಿ ಮುಚ್ಚಿಬಿಟ್ಟಿದ್ದವು. ಒಂದು ಆನೆಗಾಗಿ ಊರಿನ ರಸ್ತೆಯನ್ನೇ ಅಗೆದ ಹಾಗೆ.

2016ರಲ್ಲಿ ಇನ್ನೊಂದು ಆಯಿತು. ಮುಚ್ಚಿದ ಸೈಟ್ ತೆರೆದರೆ, 'ಇದನ್ನು ನೋಡಿದರೂ 3 ವರ್ಷ ಜೈಲು' ಅನ್ನುವ ಧಾಟಿಯ ಎಚ್ಚರಿಕೆ ಪರದೆ ತುಂಬಾ ಬರುತ್ತಿತ್ತು. ಬಾಂಬೆ ಹೈಕೋರ್ಟ್ ಗದರಿಸಿತು: ನೋಡುವುದೇ ಅಪರಾಧ ಅಂತ ಕಾಯ್ದೆಯಲ್ಲಿ ಇಲ್ಲ, ಇಲ್ಲದ್ದನ್ನು ಬರೆಯಬೇಡಿ. ಆದರೆ ಮಾವ ಅಷ್ಟರಲ್ಲಿ ಎಚ್ಚರಿಕೆ ಓದಿ ಹೆದರಿ, ಒಂದು ತಿಂಗಳು ಫೋನನ್ನು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದರು.

ಈಗ ನಷ್ಟದ ಲೆಕ್ಕ. ಪೈರಸಿಯಿಂದ ಚಿತ್ರೋದ್ಯಮಕ್ಕೆ ವರ್ಷಕ್ಕೆ 20,000 ಕೋಟಿ ರೂಪಾಯಿ ನಷ್ಟ ಅಂತ 2023ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಹೇಳಿತು. ದೂರು ಕೊಟ್ಟರೆ 48 ಗಂಟೆಯೊಳಗೆ ಕ್ರಮ, ಅದಕ್ಕೆ ದೇಶಕ್ಕೆಲ್ಲಾ 12 ಜನ ನೋಡಲ್ ಅಧಿಕಾರಿಗಳು. ಈ 20,000 ಕೋಟಿಯಲ್ಲಿ ಮಾವನ ಪಾಲು ಎಷ್ಟು ಅಂತ ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ಹೋದ ಮಳೆಗಾಲದ ಕಕ್ಕಡ ತಿಂಗಳಲ್ಲಿ ಅವರು ಮೂರು ಸಿನಿಮಾ 'ನೋಡಿದರು'. ಎರಡರಲ್ಲಿ ಹತ್ತೇ ನಿಮಿಷಕ್ಕೆ ನಿದ್ದೆ ಹೋದರು. ಮೂರನೆಯದು ಅರ್ಧಕ್ಕೆ ಕರೆಂಟ್ ಹೋಗಿ, ಫೋನಿನ ಚಾರ್ಜೂ ಮುಗಿದು, ಅಪರಾಧಿ ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಈ ಮೂರನ್ನೂ ಅವರು ಮಲ್ಟಿಪ್ಲೆಕ್ಸಿಗೆ ಹೋಗಿ, ಟಿಕೆಟ್ ಕೊಂಡು ನೋಡುತ್ತಿದ್ದರು ಅಂತ ಇಟ್ಟುಕೊಂಡರೆ ಮಾತ್ರ ನಷ್ಟ. ಮಡಿಕೇರಿಯಿಂದ ಮೈಸೂರಿಗೇ 120 ಕಿಲೋಮೀಟರ್. ಮಳೆಯಲ್ಲಿ, ಬಸ್ಸಿನಲ್ಲಿ, ನಿದ್ದೆ ಮಾಡಲಿಕ್ಕೆ ಅಷ್ಟು ದೂರ ಹೋಗುವವರು ಮಾವ ಅಲ್ಲ.

ಹಾಗಂತ ಅವರು ದುಡ್ಡು ಕೊಡದ ಮನುಷ್ಯ ಅಂದುಕೊಳ್ಳಬೇಡಿ. ಮಗ ಬೆಂಗಳೂರಿನಿಂದ ಬಂದು ಎರಡು ಓಟಿಟಿಗೆ ವರ್ಷದ ಚಂದಾ ಕಟ್ಟಿಸಿ ಹೋಗಿದ್ದಾನೆ. ಮಾವನಿಗೆ ಬೇಕಾದ ಕನ್ನಡ ಸಿನಿಮಾ ಮೊದಲನೆಯದರಲ್ಲಿ ಇಲ್ಲ. ಎರಡನೆಯದರಲ್ಲೂ ಇಲ್ಲ. ಓಟಿಟಿಯವರು ಕನ್ನಡದ್ದನ್ನು ಕೊಳ್ಳುತ್ತಿಲ್ಲ ಅಂತ ನಿರ್ಮಾಪಕರೇ ಗೋಳಾಡುತ್ತಿದ್ದಾರೆ. ಸರಿ, ಇರುವುದನ್ನೇ ನೋಡೋಣ ಅಂತ ಕಣದ ಮೂಲೆಯಲ್ಲಿ ನಿಂತು ಒಂದನ್ನು ಡೌನ್‌ಲೋಡ್ ಮಾಡಿಕೊಂಡರು. ಮೂರು ದಿನ ಕರೆಂಟಿಲ್ಲ, ಟವರಿಲ್ಲ. ಕಾಸು ಕೊಟ್ಟು ಇಳಿಸಿಕೊಂಡ ಸಿನಿಮಾ ತೆರೆದರೆ ಆ್ಯಪ್ ಹೇಳುತ್ತದೆ: 'ನೋಡಲು ಒಮ್ಮೆ ಇಂಟರ್ನೆಟ್ ಸಂಪರ್ಕಿಸಿ.' ಇಂಟರ್ನೆಟ್ ಇಲ್ಲದಾಗ ನೋಡಲಿಕ್ಕೇ ಅಲ್ಲವಾ ಅದನ್ನು ಇಳಿಸಿದ್ದು!

ಕದ್ದ ಸಿನಿಮಾ ಹೀಗೆಲ್ಲಾ ಕೇಳುವುದಿಲ್ಲ. ಸಂತೆ ಬೀದಿಯ ಮೊಬೈಲ್ ಅಂಗಡಿಯಲ್ಲಿ ಹಿಂದೆ ಒಂದು ಬೋರ್ಡ್ ಇತ್ತು, 'ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಕೊಡಲಾಗುವುದು'. 4 ಜಿಬಿಗೆ ಮೂವತ್ತು ರೂಪಾಯಿ. ಕನ್ನಡ, ಮಲಯಾಳಂ, ತಮಿಳು. ತೋಟಕ್ಕೆ ಅಸ್ಸಾಮಿನ ಕೆಲಸಗಾರರು ಬರಲು ಶುರುವಾದ ಮೇಲೆ ಅಸ್ಸಾಮಿ ಕೂಡ. ಕನ್ನಡ ಸಿನಿಮಾಕ್ಕೆ ಜಾಗ ಕೊಡದ ಊರುಗಳು ಇರಬಹುದು, ಆ ಹುಡುಗನ ಹಳೇ ಕಂಪ್ಯೂಟರಿನಲ್ಲಿ ಎಲ್ಲಾ ಭಾಷೆಗೂ ಜಾಗ ಇತ್ತು. ಅದು ತಪ್ಪೇ. ಹಾಡಿದವರಿಗೆ ಅದರಲ್ಲಿ ಒಂದು ರೂಪಾಯಿ ಹೋಗಲಿಲ್ಲ. ಈಗ ಬೋರ್ಡಿಲ್ಲ, ಅಂಗಡಿಯಲ್ಲಿ ಫೋನಿನ ಕವರ್ ಮಾರುತ್ತಾರೆ.

ಮೂವತ್ತು ದಿನ ಇನ್ನೂ ಆಗಿರಲಿಲ್ಲ. ಒಂದು ಭಾನುವಾರ ವಾಲಗ ಊದಿದ ಅಜ್ಜ ಮುಂದಿನ ಮದುವೆಯ ಮುಂಗಡ ಇಸ್ಕೊಳ್ಳಲು ಮನೆಗೆ ಬಂದರು. ಅವರ ಮೊಮ್ಮಗಳು ವಿಡಿಯೋ ನೋಡಬೇಕು ಅಂದಿದ್ದಳಂತೆ. ಜಗಲಿಯಲ್ಲಿ ಕೂರಿಸಿ ತೋರಿಸಿದೆ. ಪರದೆಯಲ್ಲಿ ಅವರ ಕೆನ್ನೆ ಉಬ್ಬುತ್ತಿದೆ, ಬೆರಳು ಓಡುತ್ತಿದೆ, ಸದ್ದಿಲ್ಲ. ಅಜ್ಜ ಫೋನನ್ನು ಕಿವಿಗೆ ಹಿಡಿದರು. ಅಲ್ಲಾಡಿಸಿದರು.

'ನಾನು ಊದಿದ್ದು ಎಲ್ಲಿ ಹೋಯ್ತಣ್ಣಾ?'

ಬೇರೆಯವರದ್ದಂತೆ ಅಂದೆ. ಯಾರದ್ದು ಅಂತ ಕೇಳಿದರು. ಕಂಪನಿಯ ಹೆಸರು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, 'ಅವರು ಯಾವ ಊರಲ್ಲಿ ಊದ್ತಾರೆ?' ಅಂದರು.

ಆಮೇಲೆ ಚೀಲದಿಂದ ವಾಲಗ ತೆಗೆದರು. ವಿಡಿಯೋ ಮೊದಲಿಂದ ಹಾಕು ಅಂದರು. ಪರದೆಯಲ್ಲಿ ಜಿಗಣೆ ಕೊಡವುತ್ತಿದ್ದ ಗಂಡಸರ ಕಾಲಿಗೆ ಸರಿಯಾಗಿ ಜಗಲಿಯಲ್ಲಿ ಊದತೊಡಗಿದರು. ಒಂದೇ ಒಂದು ಹೆಜ್ಜೆ ತಪ್ಪಲಿಲ್ಲ. ಪಕ್ಕದ ತೋಟದಿಂದ ಮಾವ ಓಡಿ ಬಂದರು. ನಾನು ಇದನ್ನಾದರೂ ರೆಕಾರ್ಡ್ ಮಾಡೋಣ ಅಂತ ಹೆಂಡತಿಯ ಫೋನ್ ಎತ್ತಿದೆ.

ಮಾವ ಕೈ ಹಿಡಿದುಕೊಂಡರು. ದನಿ ತಗ್ಗಿಸಿ ಹೇಳಿದರು, 'ಒಳಗಿಡು ಮಾರಾಯ, ಅದಕ್ಕೆ ಕೇಳಿಸ್ತದೆ.'